ಪುಟ ಮೂವತ್ತೊಂದರ ಕೆಳಗಿನ ಅಂಚು

1988ರ ಡಿಸೆಂಬರ್ 9, ಶುಕ್ರವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಅಮೆರಿಕದ ಪಶ್ಚಿಮ ತೀರದಲ್ಲಿ, ಲಾಸ್ ಆಲ್ಟೋಸ್ ಪಕ್ಕದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿದ್ದ ಲೈಬ್ರರಿಯ ಬಾಗಿಲು ತೆಗೆದ ಸೌದಾಮಿನಿ ದೀಪ ಹಾಕುವುದಕ್ಕೂ ಮೊದಲು ಫ್ಯಾಕ್ಸ್ ಯಂತ್ರದ ಕಡೆ ನೋಡಿದಳು. ಕತ್ತಲಲ್ಲಿ ಅದರ ಹಸಿರು ಚುಕ್ಕೆ ಉರಿಯುತ್ತಿತ್ತು. ರಾತ್ರಿಯೆಲ್ಲ ಅದು ಕೆಟ್ಟು ಕೂತಂತೆ ಕನಸು ಕಂಡಿದ್ದಳು, ಈಗ ಹಾಯೆನಿಸಿತು.

ಬ್ರಸೆಲ್ಸಿನಲ್ಲಿ ಆಗ ಮಧ್ಯಾಹ್ನ ಮೂರು ಹತ್ತು. ಅಲ್ಲಿರುವ ಯುರೋಪಿನ ದೇಶಗಳ ಆಯೋಗವು ಲೈಬ್ರರಿಗಳ ಬಗ್ಗೆ ಪ್ರಕಟಿಸಿದ್ದ ಚರ್ಚಾಪತ್ರಕ್ಕೆ ಹೊರಗಿನವರು ಅಭಿಪ್ರಾಯ ಕಳಿಸಲು ಅಂದೇ ಕೊನೆಯ ದಿನ. ಅಲ್ಲಿ ಕಚೇರಿ ಮುಚ್ಚುವ ಸಂಜೆ ಐದು ಎಂದರೆ ಇಲ್ಲಿ ಬೆಳಿಗ್ಗೆ ಎಂಟು. ಕಳಿಸಬೇಕಾದ ಮೂರು ಹಾಳೆಗಳು ಟೈಪಾಗಿ ಮೇಜಿನ ಮೇಲೆ ಕೂತಿದ್ದವು. ಲೈಬ್ರರಿಯನ್ನರ ಬಳಗದ ಅಧ್ಯಕ್ಷೆ ಲೊರೇನ್ ಪಚೆಕೊ ಹಿಂದಿನ ದಿನವೇ ಬಂದು ಮೂರನೆಯ ಹಾಳೆಗೆ ಸಹಿ ಹಾಕಿ ಹೋಗಿದ್ದಳು. ಇನ್ನು ಕಾರ್ಯದರ್ಶಿಯ ಸಹಿ ಬಿದ್ದರೆ ಕೆಲಸ ಮುಗಿದಂತೆ.

ಸೌದಾಮಿನಿ ಉಡುಪಿಯವಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಎಂಜಿನಿಯರ್ ದೇವದಾಸನನ್ನು ಮದುವೆಯಾಗಿ ಇಲ್ಲಿಗೆ ಬಂದವಳು, ಆಮೇಲೆ ಲೈಬ್ರರಿ ವಿದ್ಯೆ ಕಲಿತು ಈ ನೆಲಮಾಳಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಲೈಬ್ರರಿ ಎಂದರೆ ಎರಡು ಕೋಣೆ, ಒಂದು ಕಾಪಿ ಮಾಡುವ ಯಂತ್ರ, ಡಾಕ್ಟರುಗಳು ಕೇಳುವ ಪತ್ರಿಕೆಗಳಲ್ಲಿ ಮೂರರಲ್ಲೊಂದು ಪಾಲು. ಉಳಿದದ್ದನ್ನು ಬೇರೆ ಲೈಬ್ರರಿಗಳಿಂದ ತರಿಸಿಕೊಳ್ಳಬೇಕು. ಅವಳು ಅತಿ ಹೆಚ್ಚು ನೆಚ್ಚಿಕೊಂಡಿದ್ದು ಹಾಲೆಂಡಿನ ಒಂದು ಲೈಬ್ರರಿಯನ್ನು. ಆ ವರ್ಷದ ಮಾರ್ಚಿನಲ್ಲಿ ಹಾಲು ಜೀರ್ಣವಾಗದೆ ದಿನದಿನಕ್ಕೆ ಬಡಕಲಾಗುತ್ತಿದ್ದ ಕೂಸೊಂದು ಮೇಲಿನ ವಾರ್ಡಿನಲ್ಲಿತ್ತು. ಅಂಥ ಕೂಸುಗಳಿಗೆ ಏನು ಕುಡಿಸಬೇಕೆಂದು ಬರೆದ ಲೇಖನ ಅಮೆರಿಕದಲ್ಲಿ ಅವಳಿಗೆ ಎಲ್ಲೂ ಸಿಗಲಿಲ್ಲ. ಹಾಲೆಂಡಿನವರು ಮರುದಿನ ಬೆಳಿಗ್ಗೆಗೆ ಫ್ಯಾಕ್ಸ್ ಮಾಡಿದರು. ಕೂಸು ಏಪ್ರಿಲಿನಲ್ಲಿ ಕೆನ್ನೆ ತುಂಬಿಕೊಂಡು ಮನೆಗೆ ಹೋಯಿತು.

ಅಕ್ಟೋಬರಿನಲ್ಲಿ ಕೈಗೆ ಬಂದ ಆ ಚರ್ಚಾಪತ್ರದ ಮೂವತ್ತೊಂದನೆಯ ಪುಟ ಓದಿದಾಗ ಅವಳಿಗೆ ನೆನಪಾದದ್ದು ಆ ಕೂಸೇ. ಯುರೋಪಿನ ಲೈಬ್ರರಿ ಹೊರದೇಶಕ್ಕೆ ಲೇಖನದ ಪ್ರತಿ ಕಳಿಸಬೇಕಾದರೆ ಮೊದಲು ಪ್ರಕಾಶಕರ ಲಿಖಿತ ಒಪ್ಪಿಗೆ ಪಡೆಯಬೇಕು ಎಂಬ ಪ್ರಸ್ತಾವ ಅಲ್ಲಿತ್ತು. ಪರೀಕ್ಷೆಗೆಂದು ಅವಳು ಒಬ್ಬ ಪ್ರಕಾಶಕರಿಗೆ ಒಪ್ಪಿಗೆ ಕೇಳಿ ಬರೆದಳು. ಡಿಸೆಂಬರು ಬಂದರೂ ಉತ್ತರ ಬಂದಿರಲಿಲ್ಲ.

ಆ ಪುಟ ಓದಿದ ವಾರವೇ ಅವಳು ಆ ಸುತ್ತಲ ಊರುಗಳ ಲೈಬ್ರರಿಯನ್ನರ ಬಳಗವನ್ನು ಕೂರಿಸಿಕೊಂಡು ಪ್ರತಿ ಬುಧವಾರ ಮಧ್ಯಾಹ್ನ ಪಾಠ ಶುರುಮಾಡಿದ್ದಳು. ಊರ ಲೈಬ್ರರಿಗಳು, ಕಂಪನಿ ಲೈಬ್ರರಿಗಳು, ಆಸ್ಪತ್ರೆ ಲೈಬ್ರರಿಗಳು, ಎಲ್ಲ ಸೇರಿ ಇಪ್ಪತ್ತಮೂರು. ಬುತ್ತಿ ಬಿಚ್ಚಿಕೊಂಡು ಕೂತವರಿಗೆ ಬ್ರಸೆಲ್ಸಿನಲ್ಲಿ ಯಾರು ಪ್ರಸ್ತಾವ ಬರೆಯುತ್ತಾರೆ, ಯಾರು ತಿದ್ದುತ್ತಾರೆ, ಹೊರಗಿನವರ ಮಾತಿಗೆ ಯಾವ ಹಂತದಲ್ಲಿ ಕಿವಿ ಇರುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದಳು. ಪಾಠ ಎಲ್ಲರಿಗೂ ಅರ್ಥವಾಗುತ್ತಿತ್ತು, ಕಷ್ಟವಿದ್ದದ್ದು ಬೇರೆ ಕಡೆ. ಎರಡನೆಯ ವಾರ "ಮುಂದಿನ ಸಲ ಬರುವಾಗ ಒಂದು ಪುಟದಲ್ಲಿ ನಿಮ್ಮ ಅಭಿಪ್ರಾಯ ಬರೆದು ತನ್ನಿ" ಎಂದರೆ ಅಷ್ಟೂ ಜನ ತಂದದ್ದು ಗ್ರಂಥಸೂಚಿ. ಈ ವಿಷಯದ ಮೇಲೆ ಯಾರು ಯಾರು ಏನೇನು ಬರೆದಿದ್ದಾರೆ, ಎಲ್ಲಿ ಸಿಗುತ್ತದೆ, ಎಷ್ಟು ಪುಟ. ಎಲ್ಲರಿಗಿಂತ ಉದ್ದದ ಸೂಚಿ ಕಾರ್ಯದರ್ಶಿ ಸಂಗನಬಸಪ್ಪನವರದು.

"ಇದರಲ್ಲಿ ನಿಮ್ಮ ಅಭಿಪ್ರಾಯ ಎಲ್ಲುಂಟು ಮಾರಾಯ್ರೆ?" ಎಂದು ಕೇಳಿದ್ದಳು.

"ಅಭಿಪ್ರಾಯ ಓದೋರದ್ದು ಬಾಯಾರ. ತಂದು ಮುಂದ ಇಡೋದಷ್ಟ ನಮ್ಮದು" ಎಂದಿದ್ದರು ಅವರು, ಒಂದಿಷ್ಟೂ ನಗದೆ. ಪಾಠ ಹೇಳುವವಳೆಂದು ಅವರು ಅವಳನ್ನು ಗೌರವದಿಂದ ಕರೆಯುತ್ತಿದ್ದದ್ದೇ ಹಾಗೆ, ಬಾಯಾರ ಎಂದು.

ಹಾಗಿದ್ದವರನ್ನು "ಇದು ನಮ್ಮ ಮಾತು" ಎಂದು ಒಂದು ಕಾಗದಕ್ಕೆ ಒಪ್ಪಿಸಲು ಆರು ಬುಧವಾರ ಹಿಡಿದಿತ್ತು. ಬಳಗ ಹುಟ್ಟಿದ ಮೇಲೆ ಇದೇ ಮೊದಲ ಕಾಗದ. ಇದರಲ್ಲಿ ಒಂದು ತಪ್ಪು ಕಂಡರೂ ಇವರು ಮತ್ತೆ ಬಾಯಿ ತೆರೆಯುವುದಿಲ್ಲ, ತನ್ನ ಮಾತು ನಂಬಿ ಅಂತೂ ತೆರೆಯುವುದಿಲ್ಲ ಎಂದು ಸೌದಾಮಿನಿಗೆ ಚೆನ್ನಾಗಿ ಗೊತ್ತಿತ್ತು.

ಆರೂ ಇಪ್ಪತ್ತಕ್ಕೆ ಸಂಗನಬಸಪ್ಪನವರು ಬಂದರು. ಬಿಜಾಪುರದ ಕಡೆಯವರು, ಐವತ್ತಾರು ವರ್ಷ, ಸನ್ನಿವೇಲಿನ ಒಂದು ಕಂಪನಿಯಲ್ಲಿ ಪೇಟೆಂಟು ಕಾಗದಗಳ ಲೈಬ್ರರಿ ನೋಡಿಕೊಳ್ಳುತ್ತಿದ್ದರು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ.

"ಶೇಂಗಾ ಹೋಳಿಗಿ. ಫ್ಯಾಕ್ಸ್ ಹೋದ ಮ್ಯಾಲ ತಗಿಯೋದು" ಎಂದು ಡಬ್ಬಿಯನ್ನು ಕಪಾಟಿನ ಮೇಲೆ, ಅವಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಟ್ಟರು.

ಸೌದಾಮಿನಿ ನಗುತ್ತ ಪೆನ್ನು ಮುಂದೆ ಹಿಡಿದಳು. ಅವರು ಪೆನ್ನು ತೆಗೆದುಕೊಳ್ಳದೆ ಕುರ್ಚಿ ಎಳೆದು ಕೂತರು.

"ನಿನ್ನೆ ಅವರ ಚರ್ಚಾಪತ್ರದ ಪೂರಾ ನಲವತ್ನಾಕೂ ಪುಟ ಓದಿದೆ ಬಾಯಾರ. ಸಹಿ ಮಾಡ್ಲಿಕ್ಕೆ ಕೈ ಬರವಲ್ದು."

"ಈಗ ಎಂತ ಆಯ್ತು? ಗಂಟೆ ಎಷ್ಟಾಯ್ತು ನೋಡಿದ್ರಾ?"

"ಇಪ್ಪತ್ತೊಂಬತ್ತನೇ ಪುಟದಾಗ ಮೂರನೇ ಅಡಿಟಿಪ್ಪಣಿ ಐತಿ. ಮೂವತ್ನಾಕನೇ ಪುಟದಾಗ ಐದನೇದು ಐತಿ. ನಡುವಿನ ನಾಕನೇದು ಎಲ್ಲಿ ಹೋತು?"

"ಟೈಪು ಮಾಡಿದವರು ನಂಬರು ತಪ್ಪಿಸಿರ್ತಾರೆ ಬಿಡಿ."

"ನಾನೂ ಹಂಗ ಅನ್ಕೊಂಡಿದ್ದೆ."

"ಮತ್ತೆ? ಬಿಜಾಪುರದವರಿಗೆ ಕಲ್ಲು ಹುಡುಕದೆ ಅನ್ನ ಇಳಿಯುವುದಿಲ್ವಾ?"

"ಅನ್ನ ನಿಮ್ಮ ಕಡೀದು. ನಮ್ಮದು ರೊಟ್ಟಿ. ರೊಟ್ಟಿಯೊಳಗ ಕಲ್ಲಿದ್ರ ಹುಡುಕೋದ ಬ್ಯಾಡ, ಹಲ್ಲಿಗೇ ಸಿಗತೈತಿ." ಅವರು ಬ್ಯಾಗಿನಿಂದ ತಮ್ಮ ಪ್ರತಿಯನ್ನೂ ಭೂತಗನ್ನಡಿಯನ್ನೂ ತೆಗೆದು ಮೂವತ್ತೊಂದನೆಯ ಪುಟ ಬಿಡಿಸಿದರು. "ಇಲ್ಲಿ ನೋಡ್ರಿ. 'ಲಿಖಿತ ಒಪ್ಪಿಗೆ' ಅಂತ ಐತಲ್ಲ, ಆ ಶಬ್ದದ ತಲಿ ಮ್ಯಾಲ. ಏನದು?"

ಸೌದಾಮಿನಿ ಬಗ್ಗಿ ನೋಡಿದಳು. ಪ್ರತಿಯ ಪ್ರತಿ ತೆಗೆದಾಗ ಬೀಳುವ ಧೂಳಿನ ಚುಕ್ಕೆ ಎಂದು ಆರು ವಾರದಿಂದ ಅವಳು ದಾಟಿಕೊಂಡು ಓದಿದ ಚುಕ್ಕೆ ಅದು. ಗನ್ನಡಿಯ ಕೆಳಗೆ ಅದಕ್ಕೆ ಒಂದು ಕಾಲು, ಒಂದು ಅಡ್ಡಗೆರೆ ಕಾಣಿಸಿತು. ನಾಲ್ಕು.

ಈ ನಾಲ್ಕು ಕಾಣದೆ ಹೋದದ್ದು ಅವಳೊಬ್ಬಳಿಗಲ್ಲ. ಆದರೆ ಉಳಿದವರು ಚರ್ಚಾಪತ್ರವನ್ನು ಪೂರ್ತಿ ಓದಿರಲೇ ಇಲ್ಲ. ಸೌದಾಮಿನಿ ಬರೆದುಕೊಟ್ಟ ಎರಡು ಪುಟದ ಸಾರಾಂಶ ಓದಿದ್ದರು. "ನಾನು ಪೂರ್ತಿ ಓದಿದ್ದೇನೆ, ನೀವು ನಂಬಬಹುದು" ಎಂದು ಅವಳೇ ಹೇಳಿದ್ದಳು.

"ಮೂಲ ಪ್ರತಿ ಎಲ್ಲೈತ್ರಿ?" ಸಂಗನಬಸಪ್ಪನವರು ಕೇಳಿದರು.

"ಇಲ್ಲೇ ಉಂಟು. ಪೆಟ್ಟಿಗೆಯಲ್ಲಿ."

ಅವರ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠವೇ ಅದು. ಮೂಲಕ್ಕೆ ಪೆನ್ಸಿಲು ತಾಗಿಸಬಾರದು; ಬಂದ ದಿನವೇ ಒಂದು ಪ್ರತಿ ತೆಗೆದು, ಮೂಲಕ್ಕೆ ತಾರೀಖಿನ ಮುದ್ರೆ ಒತ್ತಿ, ಕಾಗದ ಹಳದಿಯಾಗದಂಥ ಬೂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು; ಕೆಲಸವೆಲ್ಲ ಪ್ರತಿಯಿಂದ. ಸೌದಾಮಿನಿ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದಳು. ಮೂಲ ಎಷ್ಟು ಭದ್ರವಾಗಿತ್ತೆಂದರೆ ಬಂದ ದಿನ ಕಾಪಿ ಯಂತ್ರದ ಮೇಲೆ ಮಗುಚಿ ಹಾಕಿದ ಮೇಲೆ ಅದನ್ನು ಯಾರೂ, ಅವಳೂ ಕೂಡ, ಕಣ್ಣೆತ್ತಿ ನೋಡಿರಲಿಲ್ಲ. ಅವಳು ಕೂರುವ ಕುರ್ಚಿಯಿಂದ ಎರಡು ಮಾರು ದೂರದಲ್ಲಿ, ಬೀರುವಿನೊಳಗೆ ಅದು ಸುಮ್ಮನೆ ಕೂತಿತ್ತು.

ಬೀಗದ ಕೈ ಮೇಜಿನ ಡ್ರಾಯರಿನಲ್ಲಿತ್ತು. ಬೈಂಡಿಂಗಿಗೆ ಹೋಗುವ ಸಂಪುಟಗಳ ಬೆನ್ನು ಎಷ್ಟು ದಪ್ಪ ಎಂದು ಅಳೆಯಲು ಇಟ್ಟುಕೊಂಡಿದ್ದ ವರ್ನಿಯರ್ ಕ್ಯಾಲಿಪರ್ಸನ್ನು ಆಚೆ ಸರಿಸಿ ಕೀ ತೆಗೆದಳು. ಬೂದು ಪೆಟ್ಟಿಗೆಯ ಮುಚ್ಚಳ ಎತ್ತಿ, ಮುದ್ರೆ ಬಿದ್ದ ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು, ಒಂದೊಂದೇ ಹಾಳೆ ಮಗುಚುತ್ತ ಮೂವತ್ತೊಂದಕ್ಕೆ ಬಂದಳು.

ಪುಟದ ಬುಡದಲ್ಲಿ, ತೀರ ಅಂಚಿಗೆ ಅಂಟಿಕೊಂಡಂತೆ, ಸಣ್ಣ ಅಕ್ಷರದ ಎರಡು ಸಾಲುಗಳಿದ್ದವು. ಅವಳು ಗಟ್ಟಿಯಾಗಿ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡುತ್ತ ಓದಿದಳು.

"ನಾಲ್ಕು. ಚಿಕಿತ್ಸೆಗಾಗಿ ಅಥವಾ ಸಂಶೋಧನೆಗಾಗಿ ಒಂದು ಲೈಬ್ರರಿ ಇನ್ನೊಂದು ಲೈಬ್ರರಿಗೆ ಕಳಿಸುವ ಒಂಟಿ ಪ್ರತಿಗೆ ಇದು ಅನ್ವಯಿಸುವುದಿಲ್ಲ. ಈ ವಿನಾಯಿತಿಯನ್ನು ನಿಯಮದ ಒಳಗೇ ಬರೆಯಬೇಕೇ ಎಂಬ ಬಗ್ಗೆ ಅಭಿಪ್ರಾಯ ಕೋರಲಾಗಿದೆ."

ಮೊದಲು ಬಂದದ್ದು ನಾಚಿಕೆಯಲ್ಲ. ಆರು ವಾರದಿಂದ ಭುಜದ ಮೇಲೆ ಹೊತ್ತಿದ್ದ ಚೀಲ ಯಾರೋ ಹಿಂದಿನಿಂದ ಎತ್ತಿಕೊಂಡಂತೆ ಸೌದಾಮಿನಿಗೆ ಅನ್ನಿಸಿತು. ಹಾಲೆಂಡಿನ ಪ್ರತಿಗಳು ನಿಲ್ಲುವುದಿಲ್ಲ. ಇನ್ನೊಂದು ಕೂಸು ಬಂದರೂ ಮರುದಿನ ಬೆಳಿಗ್ಗೆ ಫ್ಯಾಕ್ಸ್ ಬರುತ್ತದೆ.

"ನಿಲ್ಲೋದಿಲ್ಲ" ಎಂದಳು. "ನಿಲ್ಲಿಸ್ಲಿಕ್ಕೆ ಹೊರಟೇ ಇರ್ಲಿಲ್ಲ ಅವರು."

"ಹೌದ್ರಿ. ಆದ್ರ ಅವರು ನಿಲ್ಲಸ್ತಾರ ಅಂತ ನಾವು ಮೂರು ಹಾಳಿ ತುಂಬ ಬೈದೀವಿ."

ಅವಳು ಮೇಜಿನ ಮೇಲಿನ ಮೂರು ಹಾಳೆ ನೋಡಿದಳು. ಮೊದಲ ಸಾಲೇ "ಈ ಪ್ರಸ್ತಾವ ರೋಗಿಗಳಿಗೆ ಬೇಕಾದ ಜ್ಞಾನವನ್ನು ಗಡಿಯಲ್ಲಿ ತಡೆಯುತ್ತದೆ" ಎಂದಿತ್ತು. ಆ ಸಾಲಿಗಾಗಿ ಅವಳು ಎರಡು ಸಂಜೆ ಕಳೆದಿದ್ದಳು. ಒಳ್ಳೆಯ ಸಾಲು. ಈಗ ನೋಡಿದರೆ ಸುಳ್ಳು ಸಾಲು.

"ಇದು ಹೋಗಿದ್ರೆ," ಎಂದಳು, "ಅಲ್ಲಿಯ ಯಾರೋ ಒಬ್ಬ 'ಇವರು ಓದಿಯೇ ಇಲ್ಲ' ಅಂತ ಬರೆದು ಕಪಾಟಿಗೆ ಹಾಕ್ತಿದ್ದ. ಇಪ್ಪತ್ಮೂರು ಲೈಬ್ರರಿಯ ಹೆಸರಿನಲ್ಲಿ."

"ಹೋಗಿಲ್ಲಲ್ಲ. ಉಸಿರು ಬಿಡ್ರಿ ಮೊದಲ."

ಸಂಗನಬಸಪ್ಪನವರು ತಮ್ಮ ಪ್ರತಿಯ ಹಾಳೆಯನ್ನು ಮೂಲದ ಮೇಲೆ, ತಲೆಗೆ ತಲೆ ಸರಿಹೊಂದಿಸಿ ಇಟ್ಟರು. ಕೆಳಗೆ ಮೂಲದ ಒಂದು ಪಟ್ಟಿ ಹೊರಗೆ ಇಣುಕುತ್ತಿತ್ತು. ಎರಡು ಸಾಲೂ ಆ ಪಟ್ಟಿಯೊಳಗೇ ಇದ್ದವು.

"ಅವರ ಕಾಗದ ಉದ್ದ, ಇಲ್ಲೀದು ಗಿಡ್ಡ" ಎಂದರು. "ನಿಮ್ಮ ಮಷೀನು ತನಗ ಹಿಡಿಸಿದಷ್ಟು ತಗೊಂಡು ಉಳಿದದ್ದು ಬಿಟ್ಟೈತಿ."

ಬೇರೆ ಪುಟಗಳಲ್ಲಿ ಅಡಿಟಿಪ್ಪಣಿಗಳೂ ಸ್ವಲ್ಪ ಮೇಲೆಯೇ ಮುಗಿದು, ತೀರ ಅಂಚಿನಲ್ಲಿ ಬರೀ ಖಾಲಿ ಜಾಗವಿತ್ತು. ಪುಟದ ಸಂಖ್ಯೆಯೂ ಮೇಲ್ತುದಿಯಲ್ಲಿತ್ತು. ಹಾಗಾಗಿ ನಲವತ್ತಮೂರು ಪುಟಗಳು ಏನನ್ನೂ ಕಳೆದುಕೊಳ್ಳದೆ ಕತ್ತರಿಸಿಕೊಂಡಿದ್ದವು. ಕಳೆದುಕೊಂಡದ್ದು ಇದೊಂದೇ.

"ಊರಲ್ಲಿ ಇದಕ್ಕಿಂತ ಉದ್ದದ ಫೂಲ್‌ಸ್ಕೇಪ್ ಹಾಳೆಯಲ್ಲಿ ಪರೀಕ್ಷೆ ಬರೆದವಳು ನಾನು" ಎಂದಳು ಸೌದಾಮಿನಿ. "ಇಲ್ಲಿಗೆ ಬಂದು ಪ್ರಪಂಚದಲ್ಲಿ ಇರೋದೇ ಈ ಗಿಡ್ಡ ಕಾಗದ ಅಂದ್ಕೊಂಡುಬಿಟ್ಟೆ."

ಗೋಡೆಯ ಗಡಿಯಾರ ಆರೂ ನಲವತ್ತು ತೋರಿಸುತ್ತಿತ್ತು.

ಏನು ಬರೆಯಬೇಕೆಂಬುದು ಅವಳಿಗೆ ಆಗಲೇ ಹೊಳೆದಿತ್ತು. ಟಿಪ್ಪಣಿ ಒಂದು ಪ್ರಶ್ನೆ ಕೇಳಿತ್ತು. ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. ಹೌದು, ವಿನಾಯಿತಿಯನ್ನು ನಿಯಮದ ಒಳಗೇ ಬರೆಯಿರಿ. ಯಾಕೆಂದರೆ ಅಡಿಟಿಪ್ಪಣಿ ಕತ್ತರಿಸಿಹೋಗುತ್ತದೆ. ನಮ್ಮಲ್ಲೇ ಹೋಯಿತು.

ಮೂರನೆಯ ಹಾಳೆಯಲ್ಲಿ ಲೊರೇನಳ ಸಹಿ ಒಂಟಿಯಾಗಿ ಕೂತಿತ್ತು. ಮೇಲಿನ ಎರಡು ಹಾಳೆ ಬದಲಾಯಿಸಿ ಇದನ್ನೇ ಕೆಳಗೆ ಹಚ್ಚಿದರೆ ಬ್ರಸೆಲ್ಸಿನವರಿಗೆ ಏನೂ ತಿಳಿಯುವುದಿಲ್ಲ. ಸೌದಾಮಿನಿಯ ಕಣ್ಣು ಆ ಹಾಳೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಅದನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿ ಫೋನು ಎತ್ತಿಕೊಂಡಳು.

"ಛಲೋ ಮಾಡಿದ್ರಿ" ಎಂದರು ಸಂಗನಬಸಪ್ಪನವರು. "ಇಲ್ದಿದ್ರ ನಾನ ಹರೀತಿದ್ದೆ."

ಲೊರೇನ್ ಪಚೆಕೊ ಹತ್ತಿರದ ಊರಿನ ಲೈಬ್ರರಿಯ ಮುಖ್ಯಸ್ಥೆ. ಅವಳ ಅಜ್ಜ ಈ ಕಣಿವೆಯಲ್ಲಿ ಏಪ್ರಿಕಾಟ್ ತೋಟ ಮಾಡಿದವನು. ತೋಟ ಹೋಗಿ ಆಫೀಸು ಕಟ್ಟಡಗಳು ಬಂದಿದ್ದರೂ ಐದಕ್ಕೆ ಏಳುವ ಅಭ್ಯಾಸ ಮನೆತನದಲ್ಲಿ ಉಳಿದಿತ್ತು. ಸೌದಾಮಿನಿ ನಡೆದದ್ದನ್ನು ಬಣ್ಣ ಹಚ್ಚದೆ ಹೇಳಿದಳು. ತಪ್ಪು ತನ್ನದು ಎಂದೂ ಹೇಳಿದಳು. ಆ ಕಡೆ ಕಾಫಿ ಕಪ್ಪು ಮೇಜಿಗೆ ತಾಗಿದ ಸದ್ದು ಕೇಳಿಸಿತು.

"ಮಿನಿ," ಎಂದಳು ಲೊರೇನ್, "ಹಾಗಾದರೆ ಅವರು ನಮ್ಮ ವಿರುದ್ಧ ಇಲ್ಲವೇ ಇಲ್ಲ?"

"ಇಲ್ಲ."

"ದೇವರು ದೊಡ್ಡವನು. ಆದರೆ ಇಪ್ಪತ್ತಮೂರು ಜನ ಒಪ್ಪಿದ್ದು ಹಳೆಯ ಕಾಗದಕ್ಕೆ. ಓದದೇ ಇರುವುದಕ್ಕೆ ಅವರ ಹೆಸರು ನಾನು ಹಾಕಲಾರೆ."

"ನೀವು, ನಾನು, ಸಂಗನಬಸಪ್ಪನವರು ಮೂರೇ ಹೆಸರಿನಲ್ಲಿ ಕಳಿಸೋಣ. ಸಣ್ಣದಾದರೂ ಸರಿ, ಸತ್ಯವಾಗಿರಲಿ."

"ಭೂಕಂಪದ ಫೋನ್ ಸರಪಳಿ ನೆನಪಿದೆಯಾ?" ಎಂದಳು ಲೊರೇನ್.

ಭೂಕಂಪವಾದರೆ ಸುದ್ದಿ ಮುಟ್ಟಿಸಲೆಂದು ಬಳಗ ಮಾಡಿಕೊಂಡಿದ್ದ ಏರ್ಪಾಡು ಅದು. ಅಧ್ಯಕ್ಷೆ ಇಬ್ಬರಿಗೆ ಫೋನು ಮಾಡಬೇಕು, ಆ ಇಬ್ಬರು ತಲಾ ಇಬ್ಬರಿಗೆ, ಹೀಗೆ. ಆ ತನಕ ಒಮ್ಮೆಯೂ ಬಳಸಿರಲಿಲ್ಲ.

"ಭೂಮಿ ಅಲ್ಲಾಡಲಿ ಅಂತ ಕಾಯುತ್ತ ಕೂತಿದ್ದೆವು. ಇವತ್ತು ಅಲ್ಲಾಡಿದೆ ಅಂದುಕೊಳ್ಳೋಣ" ಎಂದಳು ಲೊರೇನ್. "ಒಂದೇ ವಾಕ್ಯ ಕೊಡು. ಎಲ್ಲರಿಗೂ ಅದನ್ನೇ ಓದಿ ಹೇಳುತ್ತೇವೆ. ಒಪ್ಪಿದವರು ನಿನಗೆ ಫೋನು ಮಾಡಲಿ. ಏಳೂ ನಲವತ್ತಕ್ಕೆ ಎಷ್ಟು ಹೆಸರು ಇರುತ್ತದೋ ಅಷ್ಟು. ಸಹಿಗೆ ನಾನೇ ಬರುತ್ತೇನೆ, ಈ ಹೊತ್ತಿಗೆ ಫ್ರೀವೇ ಖಾಲಿ."

ಸೌದಾಮಿನಿ ವಾಕ್ಯ ಕೊಟ್ಟಳು. ಪುಟ ಮೂವತ್ತೊಂದರ ನಾಲ್ಕನೆಯ ಟಿಪ್ಪಣಿಯಲ್ಲಿರುವ ವಿನಾಯಿತಿಯನ್ನು ನಿಯಮದ ಒಳಗೇ ಬರೆಯಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಅಷ್ಟೇ.

ಆಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತಳು. ಮೂರು ಹಾಳೆ ಬರೆಯಲು ಎರಡು ವಾರ ಹಿಡಿದಿತ್ತು. ಈಗ ಒಂದು ಹಾಳೆ ತಾನಾಗಿ ಬಂತು. ಕೂಸಿನ ಕಥೆ ನಾಲ್ಕು ಸಾಲು. ಒಪ್ಪಿಗೆ ಕೇಳಿ ಬರೆದು ಇನ್ನೂ ಉತ್ತರ ಕಾಣದ ಕಥೆ ಎರಡು ಸಾಲು. ಕೊನೆಗೆ ತಮ್ಮ ಕಾಪಿ ಯಂತ್ರದ ಕಥೆ.

"ಇದನ್ನೂ ಬರೀತೀರೇನ್ರಿ?" ಸಂಗನಬಸಪ್ಪನವರು ಅವಳ ಭುಜದ ಹಿಂದಿನಿಂದ ಓದುತ್ತ ಕೇಳಿದರು. "ನಮ್ಮ ಮರ್ಯಾದಿ?"

"ಇದಕ್ಕಿಂತ ಒಳ್ಳೆ ಸಾಕ್ಷಿ ಎಲ್ಲಿ ಸಿಗ್ತದೆ? ಇಪ್ಪತ್ಮೂರು ಲೈಬ್ರರಿಯನ್ನರ ಕೈಯಲ್ಲೇ ಅಡಿಟಿಪ್ಪಣಿ ಕಳೆದುಹೋಗ್ತದೆ ಅಂದ್ರೆ ಡಾಕ್ಟರ ಕೈಯಲ್ಲಿ ಉಳೀತದಾ? ಸಾಲಿಗೊಂದು ಆಧಾರ ಬೇಕು ಅಂತ ನೀವೇ ಹೇಳೋದಲ್ವಾ. ಇಗೊಳ್ಳಿ ಆಧಾರ."

ಅವರು ಯೋಚಿಸಿದರು. "ಎಷ್ಟು ಕತ್ತರಿಸಿತು ಅಂತ ಬರದೀರಿ?"

"ಸುಮಾರು ಎರಡು ಸೆಂಟಿಮೀಟರು."

"ಸುಮಾರು?" ಎಂದರು ಅವರು, ಸೌದಾಮಿನಿಯೇ ಬುಧವಾರದ ಪಾಠದಲ್ಲಿ ಹೇಳುವ ಧಾಟಿಯಲ್ಲಿ.

"ಈಗ ಅಳೀತಾ ಕೂರ್ಲಿಕ್ಕೆ ಹೊತ್ತಿಲ್ಲ ಮಾರಾಯ್ರೆ!"

ಅಷ್ಟರಲ್ಲಿ ಫೋನು ಶುರುವಾಯಿತು. ಮೊದಲ ಕರೆ ರೆಡ್‌ವುಡ್ ಸಿಟಿಯಿಂದ. ಎರಡನೆಯದು ಪಾಲೋ ಆಲ್ಟೋದಿಂದ. ಸಂಗನಬಸಪ್ಪನವರು ಹಳೆಯ ಹಾಳೆಯ ಬೆನ್ನಿಗೆ ಹೆಸರು ಬರೆದುಕೊಳ್ಳುತ್ತ, "ಯೆಸ್. ಪೇಜ್ ಥರ್ಟಿ ಒನ್. ಯೆಸ್. ಅಟ್ ದ ಬಾಟಮ್" ಎನ್ನುತ್ತಿದ್ದರು. ಐದನೆಯ ಕರೆ ಮುಗಿಸಿ ರಿಸೀವರಿನ ಮೇಲೆ ಕೈ ಇಟ್ಟು ತಿರುಗಿದರು.

"ಯಾಕ, ಏನು ಅಂತ ಒಬ್ಬರೂ ಕೇಳವಲ್ರು ಬಾಯಾರ. ಎಲ್ಲಾರೂ 'ಯಾವ ಪುಟ' ಅಂತಾರ. ಪುಟದ ನಂಬರು ಕೊಟ್ಟ ಕೂಡ್ಲೆ ಒಪ್ಪತಾರ."

ಸೌದಾಮಿನಿ ಟೈಪು ಮಾಡುತ್ತಲೇ ನಕ್ಕಳು. ಬೆಳಗ್ಗಿನಿಂದ ಅದೇ ಮೊದಲು ಹೊಟ್ಟೆಯಿಂದ ಬಂದ ನಗು.

ಮುಂದಿನ ಕರೆ ಎತ್ತಿ ಅವರು ಹುಬ್ಬು ಗಂಟಿಕ್ಕಿ ಅವಳಿಗೆ ಕೊಟ್ಟರು. ದೇವದಾಸ.

"ಎಷ್ಟು ಹೊತ್ತಿಂದ ಎಂಗೇಜು! ವಿನೋದಾಳ ಲಂಚ್ ಬಾಕ್ಸು ಎಲ್ಲಿಟ್ಟಿದ್ದಿ?"

"ಫ್ರಿಜ್ಜಿನ ಮೇಲಿನ ಹಲಗೆ, ಹಾಲಿನ ಹಿಂದೆ. ಫೋನ್ ಇಡಿ, ಯುರೋಪು ಕಾಯ್ತಾ ಉಂಟು."

"ಯುರೋಪಿಗೂ ನೀನೇ ಬುತ್ತಿ ಕಟ್ಟಬೇಕಾ?" ಎಂದ ದೇವದಾಸ. ಹಿಂದಿನಿಂದ ಹನ್ನೆರಡು ವರ್ಷದ ಮಗಳು "ಡ್ಯಾಡ್, ಐ ಫೌಂಡ್ ಇಟ್!" ಎಂದು ಕೂಗಿದ್ದು ಕೇಳಿಸಿತು. ಫೋನು ಇಡುವುದರೊಳಗೆ ಮತ್ತೆ ಬಡಿದುಕೊಂಡಿತು.

ಲೊರೇನ್ ಏಳೂ ಇಪ್ಪತ್ತೈದಕ್ಕೆ ಬಂದಳು, ಸ್ವೆಟರನ್ನು ತಿರುವುಮುರುವಾಗಿ ಹಾಕಿಕೊಂಡು. ಮೂಲದ ಮೇಲೆ ಪ್ರತಿಯ ಹಾಳೆ ಇಟ್ಟದ್ದನ್ನು ನೋಡಿ ತನ್ನ ಹಣೆಗೆ ತಾನೇ ಬಡಿದುಕೊಂಡಳು. "ನಲವತ್ತು ವರ್ಷದಿಂದ ಓದುಗರಿಗೆ 'ಸಾರಾಂಶ ನಂಬಬೇಡಿ, ಮೂಲ ನೋಡಿ' ಎಂದು ಹೇಳುತ್ತ ಬಂದವಳು ನಾನು" ಎಂದಳು. ಸೌದಾಮಿನಿ ಮತ್ತೆ ಕ್ಷಮೆ ಕೇಳಲು ಬಾಯಿ ತೆರೆದಾಗ ಕೈ ಅಡ್ಡ ಹಿಡಿದಳು. "ನೀನು ಪ್ರತಿಯನ್ನು ಓದಿದೆ. ನಾನು ನಿನ್ನ ಎರಡು ಪುಟ ಓದಿದೆ. ಇದರಲ್ಲಿ ಯಾರು ಯಾರಿಗೆ ಕ್ಷಮೆ ಕೇಳಬೇಕು ಎಂದು ಆಮೇಲೆ ನೋಡೋಣ."

ಏಳೂ ನಲವತ್ತಕ್ಕೆ ಹತ್ತೊಂಬತ್ತು ಹೆಸರು ಸೇರಿದ್ದವು. ಮೂವರು ಫೋನು ಎತ್ತಿರಲಿಲ್ಲ. ಕ್ಯುಪರ್ಟಿನೋದ ಒಬ್ಬಾಕೆ ಮಾತ್ರ, ಮೂಲದ ಪುಟವನ್ನು ಕಣ್ಣಾರೆ ನೋಡುವ ತನಕ ತಾನು ಒಪ್ಪುವುದಿಲ್ಲ ಎಂದಿದ್ದಳು.

"ಅಕಿ ಮಾಡಿದ್ದ ಸರಿ" ಎಂದು ಸಂಗನಬಸಪ್ಪನವರು ಆ ಹೆಸರನ್ನು ಗೌರವದಿಂದ ಹೊಡೆದುಹಾಕಿದರು.

ಪ್ರಿಂಟರು ಕರಕರ ಎನ್ನುತ್ತ ಹಾಳೆಯನ್ನು ಹೊರಹಾಕಿತು. ಲೊರೇನ್ ಸಹಿ ಹಾಕಿದಳು. ಸಂಗನಬಸಪ್ಪನವರು ಆ ಒಂದು ಹಾಳೆಯನ್ನು ಎರಡು ಸಲ ಓದಿ, ಹಿಂದೆ ಏನಾದರೂ ಇದೆಯೇ ಎಂದು ಮಗುಚಿ ನೋಡಿ, ಆಮೇಲೆ ಪೆನ್ನು ತೆಗೆದುಕೊಂಡರು. ಈ ಸಲ ಕೈ ಬಂತು.

ಬ್ರಸೆಲ್ಸಿನ ಫ್ಯಾಕ್ಸ್ ಲೈನು ಮೊದಲ ಸಲ ಬಿಜಿ. ಎರಡನೆಯ ಸಲವೂ ಬಿಜಿ. ಕೊನೆಯ ಗಳಿಗೆಯಲ್ಲಿ ಕಳಿಸುವವರು ತಾವಷ್ಟೇ ಅಲ್ಲ ಎಂದು ಸೌದಾಮಿನಿ ಆಗ ಯೋಚಿಸಿದಳು. ಮೂರನೆಯ ಸಲ ಆ ಕಡೆಯಿಂದ ಕೀರಲು ದನಿ ಕೇಳಿಸಿತು, ಹಾಳೆ ನಿಧಾನವಾಗಿ ಯಂತ್ರದ ಬಾಯೊಳಗೆ ಸರಿಯತೊಡಗಿತು. ಮೂವರೂ ಅದರ ಸುತ್ತ ಕೈಕಟ್ಟಿ ನಿಂತರು. ಹಾ‌ಳೆ ಆಚೆ ಬಂತು. ಚೀಟಿಯೊಂದು ಹೊರಬಂತು. ಒಂದು ಪುಟ, ಸರಿಯಾಗಿ ತಲುಪಿದೆ, ಏಳು ನಲವತ್ತೊಂಬತ್ತು.

"ಹನ್ನೊಂದು ನಿಮಿಷ ಉಳೀತು" ಎಂದಳು ಸೌದಾಮಿನಿ. ಕುರ್ಚಿ ಎಳೆದುಕೊಂಡು ಕೂತಳು. ಸಂಗನಬಸಪ್ಪನವರು ಕಪಾಟಿನ ಮೇಲಿನ ಡಬ್ಬಿ ಇಳಿಸಿದರು.

ಹೋಳಿಗೆ ತಣ್ಣಗಾಗಿತ್ತು, ಬೆಲ್ಲದ ವಾಸನೆ ನೆಲಮಾಳಿಗೆಯ ಹಳೆ ಕಾಗದದ ವಾಸನೆಯೊಳಗೆ ಬೆರೆಯಿತು. ಲೊರೇನ್ ಒಂದನ್ನು ಸುರುಳಿ ಸುತ್ತಿ ಕಾಫಿಯಲ್ಲಿ ಅದ್ದಿದಳು. ಸಂಗನಬಸಪ್ಪನವರು ಮುಖ ಬೇರೆ ಕಡೆ ತಿರುಗಿಸಿಕೊಂಡರು. "ನೋಡಲಾರೆ ಬಾಯಾರ. ತುಪ್ಪ ತರಬೇಕಿತ್ತು" ಎಂದು ಕನ್ನಡದಲ್ಲಿ ಗೊಣಗಿದರು.

ಎಂಟಾಗಲು ಮೂರು ನಿಮಿಷವಿದ್ದಾಗ ಫ್ಯಾಕ್ಸ್ ಯಂತ್ರ ತಾನಾಗಿ ಗುಟುರು ಹಾಕಿತು. ಸುರುಳಿ ಕಾಗದ ನಿಧಾನವಾಗಿ ಇಳಿಯಿತು. ತಾವು ಕಳಿಸಿದ ಹಾಳೆಯೇ ತಿರುಗಿ ಬಂದಿತ್ತು, ಮೇಲೆ ಸ್ವೀಕೃತಿಯ ಮುದ್ರೆಯೊಂದಿಗೆ. ಅದರ ಕೆಳಗೆ ಯಾರೋ ಕೈಯಿಂದ ಓರೆ ಅಕ್ಷರದಲ್ಲಿ ಬರೆದಿದ್ದರು. ನಾಲ್ಕನೆಯ ಟಿಪ್ಪಣಿಯ ಪ್ರಶ್ನೆಗೆ ಬಂದ ಮೊದಲ ಉತ್ತರ ನಿಮ್ಮದು. ಈ ಪ್ರಶ್ನೆ ಯಾರ ಕಣ್ಣಿಗೂ ಬೀಳಲಿಲ್ಲವೇನೋ ಎಂದುಕೊಂಡಿದ್ದೆ. ವಂದನೆಗಳು.

ಲೊರೇನ್ ಅದನ್ನು ಜೋರಾಗಿ ಓದಿದಳು, ಮತ್ತೊಮ್ಮೆ ಓದಿದಳು, ಕಣ್ಣೊರೆಸಿಕೊಂಡು ತನ್ನ ಲೈಬ್ರರಿ ತೆರೆಯಲು ಹೊರಟಳು. ಬಾಗಿಲಲ್ಲಿ ತಿರುಗಿ, "ಮುಂದಿನ ಬುಧವಾರವೂ ಪಾಠ ಇದೆ ತಾನೆ?" ಎಂದು ಕೇಳಿದಳು.

"ಉಂಟು" ಎಂದಳು ಸೌದಾಮಿನಿ. ಇಂಗ್ಲಿಷಿನಲ್ಲಿ ಹೇಳಬೇಕೆಂಬುದೂ ಮರೆತುಹೋಗಿತ್ತು. ಲೊರೇನಳಿಗೆ ಅರ್ಥವಾಯಿತು.

ಸಂಗನಬಸಪ್ಪನವರು ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕಿಕೊಂಡರೂ ಹೊರಡಲಿಲ್ಲ. ಕಾಪಿ ಯಂತ್ರದ ಹತ್ತಿರ ಹೋಗಿ ಅದರ ಮುಚ್ಚಳ ಎತ್ತಿ, ಇಳಿಸಿ, ಎತ್ತಿದರು.

"ಬಾಯಾರ, ಈಗ ಹೊತ್ತೈತಲ್ರಿ?"

"ಯಾತಕ್ಕೆ?"

"ಆ 'ಸುಮಾರು' ನನಗ ಹಲ್ಲಾಗ ಸಿಕ್ಕೊಂಡೈತಿ."

ಅದು ಅವಳ ಹಲ್ಲಿನಲ್ಲೂ ಸಿಕ್ಕಿಕೊಂಡಿತ್ತು. ಅವಳು ಡ್ರಾಯರಿನಿಂದ ವರ್ನಿಯರ್ ಕ್ಯಾಲಿಪರ್ಸ್ ತೆಗೆದಳು. ಅವರು ಹಾಳೆಯ ಮೇಲೆ ಹಾಳೆ ಸರಿಯಾಗಿ ಕೂರಿಸಿ ಎರಡು ಬೆರಳಿನಿಂದ ಒತ್ತಿ ಹಿಡಿದರು. ಅವಳು ಇಣುಕುವ ಪಟ್ಟಿಗೆ ಕ್ಯಾಲಿಪರ್ಸಿನ ದವಡೆ ಮೆಲ್ಲನೆ ಹೊಂದಿಸಿ, ಕಾಗದ ಮುದುರದಂತೆ, ಮೂರು ಕಡೆ ಅಳೆದಳು. ಮೂರು ಕಡೆಯೂ ಒಂದೇ ಬಂತು.

ಆಮೇಲೆ ಪುಸ್ತಕದ ಬೆನ್ನಿಗೆ ಅಂಟಿಸುವ ಒಂದು ಬಿಳಿ ಚೀಟಿ ತೆಗೆದುಕೊಂಡು, ಗ್ರಂಥಾಲಯದ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದು, ಕಾಪಿ ಯಂತ್ರದ ಮುಚ್ಚಳದ ಮೇಲೆ ಅಂಟಿಸಿ ಹೆಬ್ಬೆರಳಿನಿಂದ ಸವರಿದಳು. ಯುರೋಪಿನ ಕಾಗದ ಇಟ್ಟರೆ ಕೆಳಗಿನಿಂದ ಹೋಗುವುದು ಇಷ್ಟು: 17.6 ಮಿಲಿಮೀಟರ್.